ಉನ್ನತ ಶಿಕ್ಷಣದ ಡಿಜಿಟಲ್ ಪಠ್ಯಸಾಮಗ್ರಿಯ ಸುಗಮ್ಯತೆ

ಡಿಜಿಟಲ್ ಪಠ್ಯಸಾಮಗ್ರಿಯ ಸುಗಮ್ಯತೆ ಎಂದರೆ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳು ಅಂತರಜಾಲದ ಮೂಲಕ ಒದಗಿಸುವ ಟಿಪ್ಪಣಿ, ಪುಸ್ತಕ, ವಿಡಿಯೊ ಉಪನ್ಯಾಸ, ಅಭ್ಯಾಸ ಮತ್ತು ಪರೀಕ್ಷೆಗಳನ್ನು ವಿಕಲಚೇತನ ವಿದ್ಯಾರ್ಥಿಗಳು ಉಳಿದವರಷ್ಟೇ ಪೂರ್ಣವಾಗಿ, ಉಳಿದವರ ಕೈಗೆ ಸಿಗುವ ಹೊತ್ತಿಗೇ, ಇನ್ನೊಬ್ಬರ ನೆರವಿಗೆ ಕಾಯದೆ ಬಳಸಲು ಬರುವಂತೆ ರೂಪಿಸುವ ಕ್ರಮ ಹಾಗೂ ಹಾಗೆ ರೂಪಿಸಿದ ಸಾಮಗ್ರಿಯಲ್ಲಿ ಕಾಣುವ ಗುಣ. ವಿದ್ಯಾರ್ಥಿಯ ಕಣ್ಣು, ಕಿವಿ, ಕೈಗಳ ಶಕ್ತಿ ಎಷ್ಟೆಂಬುದರ ಮೇಲೆ ಮಾತ್ರ ಇದು ನಿಂತಿಲ್ಲ. ಪಠ್ಯವನ್ನು ಸಿದ್ಧಪಡಿಸಿದವರು ಅದನ್ನು ಕಂಪ್ಯೂಟರಿನೊಳಗೆ ಯಾವ ರೂಪದಲ್ಲಿ ಇರಿಸಿದರು ಎಂಬುದೇ ಇಲ್ಲಿ ಹೆಚ್ಚು ನಿರ್ಣಾಯಕವಾಗಿದ್ದು, ಕನ್ನಡದಂಥ ಭಾಷೆಗಳಲ್ಲಿ ಈ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ.

ವ್ಯಾಪ್ತಿ ಮತ್ತು ಪರಿಭಾಷೆ

ಸುಗಮ್ಯ ಸಾಮಗ್ರಿಯ ಅಗತ್ಯವುಳ್ಳವರೆಂದರೆ ಅಂಧರು ಮಾತ್ರ ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ಅದು ಅಪೂರ್ಣ. ಮಂದದೃಷ್ಟಿಯವರು, ಕಿವುಡರು, ಕೈಗಳ ಚಲನೆಗೆ ಮಿತಿಯುಳ್ಳವರು, ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯುಳ್ಳವರು, ದೀರ್ಘಕಾಲದ ನರಸಂಬಂಧಿ ಅಥವಾ ಮಾನಸಿಕ ಕಾಯಿಲೆಯಿಂದ ಏಕಾಗ್ರತೆ ಕುಂದಿದವರು ಎಲ್ಲರೂ ಇದರ ವ್ಯಾಪ್ತಿಗೆ ಸೇರುತ್ತಾರೆ. 2011ರ ಜನಗಣತಿಯು ಭಾರತದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರನ್ನು ಗುರುತಿಸಿತು. ಆಗ ಎಣಿಕೆಗೆ ಬಂದದ್ದು 8 ವರ್ಗಗಳು ಮಾತ್ರ. ಬಳಿಕ ಬಂದ 2016ರ ಕಾನೂನು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿರುವುದರಿಂದ ಹಳೆಯ ಅಂಕಿಅಂಶಗಳು ಈಗಿನ ಅಗತ್ಯವನ್ನು ಕಡಿಮೆ ಮಾಡಿಯೇ ತೋರಿಸುತ್ತವೆ.

ಈ ಕ್ಷೇತ್ರದಲ್ಲಿ ಕೆಲವು ಪದಗಳಿಗೆ ನಿಶ್ಚಿತವಾದ ಅರ್ಥವಿದೆ. ವಿಕಲಚೇತನರು ಕಂಪ್ಯೂಟರ್ ಅಥವಾ ಮೊಬೈಲ್ ಬಳಸಲು ನೆರವಾಗುವ ಉಪಕರಣ ಮತ್ತು ತಂತ್ರಾಂಶಗಳನ್ನು ಒಟ್ಟಾಗಿ ಸಹಾಯಕ ತಂತ್ರಜ್ಞಾನ ಎನ್ನುತ್ತಾರೆ. ಪರದೆಯ ಮೇಲಿನ ಪಠ್ಯವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಅದೇ ಪಠ್ಯವನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ಎಬ್ಬಿಸಿ ತೋರಿಸುವ ಸಾಧನ ಬ್ರೈಲ್ ಡಿಸ್‌ಪ್ಲೇ. ಚಿತ್ರವೊಂದರ ಹಿಂದೆ ಅಡಗಿಸಿಟ್ಟು ಸ್ಕ್ರೀನ್ ರೀಡರ್‌ಗೆ ಮಾತ್ರ ಸಿಗುವಂತೆ ಬರೆದ ವಿವರಣೆಗೆ ಪರ್ಯಾಯ ಪಠ್ಯವೆಂದು ಹೆಸರು. ಸುಗಮ್ಯತೆ ಮತ್ತು ಸಮಂಜಸ ಹೊಂದಾಣಿಕೆ ಎಂಬ ಎರಡು ಪರಿಕಲ್ಪನೆಗಳನ್ನು ಮುಖ್ಯವಾಗಿ ಬೇರ್ಪಡಿಸಿ ನೋಡಬೇಕು. ಯಾರು ಪ್ರವೇಶ ಪಡೆಯುತ್ತಾರೆಂದು ತಿಳಿಯುವ ಮೊದಲೇ ಎಲ್ಲರಿಗಾಗಿ ಮಾಡಿಡುವ ವ್ಯವಸ್ಥೆ ಸುಗಮ್ಯತೆಯಾದರೆ, ಒಬ್ಬ ನಿರ್ದಿಷ್ಟ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಅನಂತರ ಮಾಡಿಕೊಡುವ ಬದಲಾವಣೆ, ಉದಾಹರಣೆಗೆ ಹೆಚ್ಚುವರಿ ಸಮಯ ಅಥವಾ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕ, ಸಮಂಜಸ ಹೊಂದಾಣಿಕೆ. ಎರಡನೆಯದನ್ನು ಕೊಟ್ಟುಬಿಟ್ಟರೆ ಮೊದಲನೆಯದರ ಹೊಣೆ ತೀರುವುದಿಲ್ಲ.

ಉಗಮ ಮತ್ತು ಬೆಳವಣಿಗೆ

ಡಿಜಿಟಲ್ ಸುಗಮ್ಯತೆಯ ಬೇರು ಮುದ್ರಿತ ಪುಸ್ತಕಕ್ಕೆ ಪರ್ಯಾಯ ಹುಡುಕಿದ ಪ್ರಯತ್ನಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲೂಯಿ ಬ್ರೈಲ್ ರೂಪಿಸಿದ ಆರು ಚುಕ್ಕಿಗಳ ಲಿಪಿ ಮತ್ತು 1930ರ ದಶಕದಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನಲ್ಲಿ ಆರಂಭವಾದ ಧ್ವನಿಮುದ್ರಿತ ಪುಸ್ತಕಗಳು ಇದರ ಮೊದಲ ಹಂತಗಳು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕಾರಗೊಂಡಿತು. ಧ್ವನಿಪುಸ್ತಕವನ್ನು ಅಧ್ಯಾಯ, ಪುಟ, ವಾಕ್ಯಗಳ ಮಟ್ಟದಲ್ಲಿ ಹಿಂದೆ ಮುಂದೆ ಸರಿಸಿ ಕೇಳಲು ಬರುವಂತೆ ಮಾಡುವ ಡೈಸಿ ಮಾನಕವನ್ನು ಬೆಳೆಸಲು 1996ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೊಂದು ಸ್ಥಾಪನೆಯಾಯಿತು. ಕ್ಯಾಸೆಟ್ಟಿನಲ್ಲಿ ಐದನೆಯ ಅಧ್ಯಾಯ ಹುಡುಕಲು ಸುರುಳಿಯನ್ನು ಮತ್ತೆ ಮತ್ತೆ ಓಡಿಸಿ ನಿಲ್ಲಿಸಬೇಕಿದ್ದ ಕಾಲದಲ್ಲಿ ಇದೊಂದು ದೊಡ್ಡ ಜಿಗಿತವೇ ಆಗಿತ್ತು.

ಕಂಪ್ಯೂಟರಿನ ಪರದೆ ಬರೀ ಅಕ್ಷರಗಳಿಂದ ಕೂಡಿದ್ದಾಗ ಅದನ್ನು ಓದಿ ಹೇಳುವುದು ತಕ್ಕಮಟ್ಟಿಗೆ ಸುಲಭವಿತ್ತು. 1989ರಲ್ಲಿ ಬಂದ ಜಾಸ್ ಎಂಬ ಸ್ಕ್ರೀನ್ ರೀಡರ್ ಆ ಕಾಲದ್ದು. ಪರದೆ ಚಿತ್ರಮಯವಾಗಿ, ಅದರ ಮೇಲೆ ಜಾಲತಾಣಗಳು ಹಬ್ಬಿದಾಗ ತೊಡಕು ಹೆಚ್ಚಾಯಿತು. ವಿಶ್ವವ್ಯಾಪಿ ಜಾಲದ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯುತ್ರೀಸಿ ಸಂಸ್ಥೆ 1997ರಲ್ಲಿ ಸುಗಮ್ಯತೆಗೆಂದೇ ಒಂದು ವಿಭಾಗವನ್ನು ತೆರೆದು, 1999ರ ಮೇ ತಿಂಗಳಲ್ಲಿ ಜಾಲವಿಷಯ ಸುಗಮ್ಯತಾ ಮಾರ್ಗಸೂಚಿಯ ಮೊದಲ ಆವೃತ್ತಿಯನ್ನು ಹೊರತಂದಿತು. ಇಂಗ್ಲಿಷ್ ಮೊದಲಕ್ಷರಗಳಿಂದ ಡಬ್ಲ್ಯುಸಿಎಜಿ ಎಂದು ಪ್ರಸಿದ್ಧವಾದ ಈ ಮಾರ್ಗಸೂಚಿಯ 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರ ಅಕ್ಟೋಬರಿನಲ್ಲಿ ಪ್ರಕಟವಾದವು. 2.0 ಆವೃತ್ತಿಯು 2012ರಲ್ಲಿ ಐಎಸ್ಒ ಮಾನಕವೂ ಆಯಿತು. ಜಗತ್ತಿನ ಬಹುಪಾಲು ಸುಗಮ್ಯತಾ ಕಾನೂನುಗಳು ಅಳತೆಗೋಲಾಗಿ ಒಪ್ಪಿಕೊಂಡಿರುವುದು ಡಬ್ಲ್ಯುಸಿಎಜಿಯನ್ನೇ.

ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ, ಮುಕ್ತ ಆಕರದ ಸ್ಕ್ರೀನ್ ರೀಡರ್ ಬಡ ಮತ್ತು ಮಧ್ಯಮ ಆದಾಯದ ದೇಶಗಳ ವಿದ್ಯಾರ್ಥಿಗಳ ಮಟ್ಟಿಗೆ ಈ ಚರಿತ್ರೆಯ ಅತಿಮುಖ್ಯ ತಿರುವು. ಸ್ವತಃ ದೃಷ್ಟಿಯಿಲ್ಲದ ಕರನ್ ಮತ್ತು ಅವರ ಗೆಳೆಯ ಜೇಮ್ಸ್ ಟೆ ಇದನ್ನು ಬೆಳೆಸಿದರು. ಅಲ್ಲಿಯವರೆಗೆ ದುಬಾರಿ ಪರವಾನಗಿಯಿಲ್ಲದೆ ಇಂಥ ತಂತ್ರಾಂಶ ಸಿಗುವುದು ಕಷ್ಟವಿತ್ತು. ಭಾರತದ ಅಂಧ ವಿದ್ಯಾರ್ಥಿಗಳಲ್ಲಿ ಅದರ ಬಳಕೆ ಹಬ್ಬಲು ಬೆಲೆಯಿಲ್ಲದಿರುವುದರ ಜೊತೆಗೆ ಭಾರತೀಯ ಭಾಷೆಗಳನ್ನು ಓದಬಲ್ಲ ಇ-ಸ್ಪೀಕ್ ಧ್ವನಿ ಅದರೊಡನೆಯೇ ಬರುವುದೂ ಕಾರಣ.

ವಿಶ್ವವಿದ್ಯಾನಿಲಯಗಳ ಹೊಣೆಯ ಪ್ರಶ್ನೆ ತೀಕ್ಷ್ಣವಾಗಿ ಎದ್ದದ್ದು ಅಮೆರಿಕದಲ್ಲಿ. ಉಚಿತವಾಗಿ ಪ್ರಕಟಿಸಿದ ಉಪನ್ಯಾಸ ವಿಡಿಯೊಗಳಿಗೆ ಸರಿಯಾದ ಅಡಿಬರಹಗಳಿಲ್ಲವೆಂದು ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘವು 2015ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಮತ್ತು ಎಂಐಟಿಗಳ ವಿರುದ್ಧ ದಾವೆ ಹೂಡಿತು. 2019 ಮತ್ತು 2020ರಲ್ಲಿ ಆದ ಒಪ್ಪಂದಗಳಲ್ಲಿ ಎರಡೂ ಸಂಸ್ಥೆಗಳು ಅಡಿಬರಹ ಒದಗಿಸಲು ಒಪ್ಪಿದವು. ಇನ್ನೊಂದು ಪ್ರಕರಣದ ಪರಿಣಾಮ ಬೇರೆಯಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಆವರಣದ ಉಚಿತ ವಿಡಿಯೊಗಳು ಸುಗಮ್ಯವಾಗಿಲ್ಲವೆಂದು ನ್ಯಾಯ ಇಲಾಖೆ 2016ರಲ್ಲಿ ತಿಳಿಸಿದಾಗ, ವಿಶ್ವವಿದ್ಯಾನಿಲಯವು ಅವನ್ನು ತಿದ್ದುವ ಬದಲು 2017ರಲ್ಲಿ 20,000ಕ್ಕೂ ಹೆಚ್ಚು ಧ್ವನಿ ಮತ್ತು ದೃಶ್ಯ ಕಡತಗಳನ್ನು ಸಾರ್ವಜನಿಕ ಬಳಕೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಆರಂಭದಲ್ಲೇ ಮಾಡದ ಕೆಲಸವನ್ನು ವರ್ಷಗಳ ಅನಂತರ ರಾಶಿಯಾಗಿ ಮಾಡಹೊರಟರೆ ಎಷ್ಟು ದುಬಾರಿಯಾದೀತು ಎಂಬುದಕ್ಕೆ ಈ ಪ್ರಕರಣವನ್ನು ಮತ್ತೆ ಮತ್ತೆ ಉದಾಹರಿಸಲಾಗುತ್ತದೆ.

ರಚನೆ

ಡಬ್ಲ್ಯುಸಿಎಜಿ ನಾಲ್ಕು ತತ್ತ್ವಗಳ ಮೇಲೆ ನಿಂತಿದೆ: ವಿಷಯವು ಯಾವುದಾದರೊಂದು ಇಂದ್ರಿಯಕ್ಕೆ ಗ್ರಾಹ್ಯವಾಗಿರಬೇಕು, ಅದನ್ನು ಬೇರೆ ಬೇರೆ ಸಾಧನಗಳಿಂದ ನಿರ್ವಹಿಸಲು ಬರಬೇಕು, ಅದು ಅರ್ಥವಾಗುವಂತಿರಬೇಕು, ಇಂದಿನ ಮತ್ತು ಮುಂದಿನ ತಂತ್ರಾಂಶಗಳೊಡನೆ ಹೊಂದಿಕೊಳ್ಳುವಷ್ಟು ಗಟ್ಟಿಯಾಗಿರಬೇಕು. ಇವುಗಳಡಿಯ ಪರೀಕ್ಷಾರ್ಹ ನಿಯಮಗಳನ್ನು ಎ, ಎಎ, ಎಎಎ ಎಂಬ ಮೂರು ಮಟ್ಟಗಳಲ್ಲಿ ವಿಂಗಡಿಸಿದ್ದು, ಶಿಕ್ಷಣಸಂಸ್ಥೆಗಳಿಗೆ ಸಾಮಾನ್ಯವಾಗಿ ಎಎ ಮಟ್ಟವನ್ನು ಗುರಿಯಾಗಿ ಇರಿಸಲಾಗುತ್ತದೆ.

ಬರಹರೂಪದ ಸಾಮಗ್ರಿಯಲ್ಲಿ ಮೊದಲು ಬರುವುದು ಶೀರ್ಷಿಕೆಗಳ ಶ್ರೇಣಿ. ಅಧ್ಯಾಯದ ಹೆಸರನ್ನು ದಪ್ಪಕ್ಷರದಲ್ಲಿ ದೊಡ್ಡದಾಗಿ ಬರೆದರೆ ಕಣ್ಣಿಗೆ ಅದು ಶೀರ್ಷಿಕೆಯಾಗಿ ಕಾಣುತ್ತದೆ, ಆದರೆ ಸ್ಕ್ರೀನ್ ರೀಡರ್‌ಗೆ ಅದು ಇನ್ನೊಂದು ಸಾಲು ಮಾತ್ರ. ವರ್ಡ್ ಪ್ರೊಸೆಸರಿನ ಶೈಲಿಪಟ್ಟಿಯಿಂದ ಹೆಡಿಂಗ್ 1, ಹೆಡಿಂಗ್ 2 ಎಂದು ಗುರುತಿಸಿದ್ದರೆ ಅಂಧ ವಿದ್ಯಾರ್ಥಿ ಒಂದೇ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾ 80 ಪುಟಗಳ ಟಿಪ್ಪಣಿಯಲ್ಲಿ ಬೇಕಾದ ಜಾಗ ತಲುಪಬಲ್ಲರು. ಕೋಷ್ಟಕಗಳಿಗೂ ಈ ಮಾತು ಸಲ್ಲುತ್ತದೆ. ಮೇಲಿನ ಸಾಲನ್ನು ಶೀರ್ಷಿಕೆಯ ಸಾಲು ಎಂದು ಗುರುತಿಸದಿದ್ದರೆ ಕೇಳುವವರಿಗೆ 42, 38, 51 ಎಂಬ ಸಂಖ್ಯೆಗಳಷ್ಟೇ ಸಿಗುತ್ತವೆ, ಅವು ಯಾವ ವರ್ಷದವು, ಯಾವ ಜಿಲ್ಲೆಯವು ಎಂಬುದು ಸಿಗುವುದಿಲ್ಲ.

ಚಿತ್ರಗಳಿಗೆ ಬರೆಯುವ ಪರ್ಯಾಯ ಪಠ್ಯವು ಚಿತ್ರದಲ್ಲಿ ಕಾಣುವುದನ್ನೆಲ್ಲ ವರ್ಣಿಸಬೇಕೆಂದಿಲ್ಲ. ಆ ಪಾಠದಲ್ಲಿ ಚಿತ್ರ ಮಾಡುವ ಕೆಲಸವನ್ನು ಅದು ಮಾಡಿದರೆ ಸಾಕು. ಅರ್ಥಶಾಸ್ತ್ರದ ಪಾಠದಲ್ಲಿರುವ ಬೇಡಿಕೆಯ ರೇಖೆಗೆ 'ಚಿತ್ರ 3' ಎಂದೋ 'ಗ್ರಾಫ್' ಎಂದೋ ಬರೆಯುವುದರಿಂದ ಪ್ರಯೋಜನವಿಲ್ಲ. 'ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ; ಬೆಲೆ ಇಳಿದಂತೆ ಪ್ರಮಾಣ ಏರುವುದರಿಂದ ರೇಖೆ ಎಡಮೇಲಿನಿಂದ ಬಲಕೆಳಗೆ ಇಳಿಯುತ್ತದೆ' ಎಂದಿದ್ದರೆ ಪಾಠದ ಸಾರ ಕೇಳುಗರನ್ನು ತಲುಪುತ್ತದೆ. ಅದೇ ರೇಖೆಯನ್ನು ಪರೀಕ್ಷೆಯಲ್ಲಿ ಕೊಟ್ಟು 'ಇದು ಯಾವ ರೇಖೆ?' ಎಂದು ಕೇಳಿದಾಗ ವಿವರಣೆಯು ಆಕಾರವನ್ನಷ್ಟೇ ಹೇಳಬೇಕು, ಉತ್ತರವನ್ನು ಬಿಟ್ಟುಕೊಡಬಾರದು. ಆದ್ದರಿಂದ ಪರ್ಯಾಯ ಪಠ್ಯ ಬರೆಯಬೇಕಾದವರು ತಂತ್ರಜ್ಞರಲ್ಲ, ಆ ವಿಷಯ ಕಲಿಸುವ ಅಧ್ಯಾಪಕರು.

ಗಣಿತದ ಸಮೀಕರಣಗಳು ಈ ಕ್ಷೇತ್ರದ ಅತಿ ಕಠಿಣ ಭಾಗ. 'ಎ ಪ್ಲಸ್ ಬಿ ಬೈ ಸಿ' ಎಂದು ಓದಿದಾಗ ಎ ಮತ್ತು ಬಿಗಳ ಮೊತ್ತವನ್ನು ಸಿಯಿಂದ ಭಾಗಿಸಬೇಕೋ, ಬಿಯನ್ನು ಮಾತ್ರ ಭಾಗಿಸಿ ಎಗೆ ಕೂಡಬೇಕೋ ಎಂಬುದು ಕಿವಿಗೆ ತಿಳಿಯುವುದಿಲ್ಲ. ಕಾಗದದ ಮೇಲೆ ಅಡ್ಡಗೆರೆಯ ಉದ್ದ ಹೇಳುವ ಈ ಸಂಗತಿಯನ್ನು ಕಂಪ್ಯೂಟರಿಗೆ ತಿಳಿಸಲು 1998ರಲ್ಲಿ ಮ್ಯಾಥ್‌ಎಂಎಲ್ ಎಂಬ ಗುರುತುಭಾಷೆ ರೂಪುಗೊಂಡಿತು. ಅದರಲ್ಲಿ ಬರೆದ ಸಮೀಕರಣವನ್ನು ಸ್ಕ್ರೀನ್ ರೀಡರ್ 'ಭಿನ್ನರಾಶಿಯ ಆರಂಭ', 'ಅಂತ್ಯ' ಎಂಬ ಸೂಚನೆಗಳೊಡನೆ ಓದಬಲ್ಲದು, ಅಂಧ ಗಣಿತಜ್ಞ ಏಬ್ರಹಾಂ ನೆಮೆತ್ ರೂಪಿಸಿದ ಗಣಿತ ಬ್ರೈಲಿಗೂ ಪರಿವರ್ತಿಸಬಹುದು. ಸಮೀಕರಣವನ್ನು ಚಿತ್ರವಾಗಿ ಅಂಟಿಸಿದರೆ ಈ ಎರಡೂ ದಾರಿಗಳು ಮುಚ್ಚಿಹೋಗುತ್ತವೆ.

ಬಣ್ಣ ಮತ್ತು ಗಾತ್ರದ ನಿಯಮಗಳು ಸರಳ. ಅಕ್ಷರ ಮತ್ತು ಹಿನ್ನೆಲೆಗಳ ನಡುವಿನ ಹೊಳಪಿನ ಅನುಪಾತ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಇರಬೇಕು. 'ಕೆಂಪಿನಲ್ಲಿರುವುದು ಮುಖ್ಯ' ಎಂಬಂತೆ ಬಣ್ಣವೊಂದನ್ನೇ ನಂಬಿ ಅರ್ಥ ಸೂಚಿಸಬಾರದು.

ವಿಡಿಯೊ ಉಪನ್ಯಾಸಗಳಲ್ಲಿ ಎರಡು ಬೇರೆ ಅಗತ್ಯಗಳು ಸೇರಿಕೊಂಡಿವೆ. ಕೇಳಿಸದವರಿಗಾಗಿ ಅಡಿಬರಹ ಬೇಕು. ಮೊದಲೇ ಮುದ್ರಿಸಿಟ್ಟ ವಿಡಿಯೊಗಳಿಗೆ ಇದು ಎ ಮಟ್ಟದಲ್ಲೇ ಕಡ್ಡಾಯ, ನೇರ ಪ್ರಸಾರಕ್ಕೆ ಎಎ ಮಟ್ಟದಲ್ಲಿ. ಯಂತ್ರವು ತಾನಾಗಿ ಹುಟ್ಟಿಸುವ ಅಡಿಬರಹಗಳು ಪಾರಿಭಾಷಿಕ ಪದಗಳಲ್ಲಿ ಮತ್ತು ಕನ್ನಡ, ಇಂಗ್ಲಿಷ್ ಬೆರೆತ ತರಗತಿಯ ಮಾತಿನಲ್ಲಿ ಎಡವುವುದರಿಂದ ಮನುಷ್ಯರು ತಿದ್ದದೆ ಅವನ್ನು ಒಪ್ಪುವಂತಿಲ್ಲ. ಸಂಜ್ಞಾಭಾಷೆಯನ್ನೇ ಮೊದಲ ಭಾಷೆಯಾಗಿ ಕಲಿತವರಿಗೆ ಅಡಿಬರಹವೂ ಎರಡನೆಯ ಭಾಷೆಯೇ ಆಗಿರುವುದರಿಂದ ಅವರಿಗೆ ಭಾರತೀಯ ಸಂಜ್ಞಾಭಾಷೆಯ ಅನುವಾದ ಬೇಕಾಗುತ್ತದೆ. ಕಾಣದವರಿಗೆ ಬೇಕಾದದ್ದು ಬೇರೆ. ಅಧ್ಯಾಪಕರು ಬೋರ್ಡಿನತ್ತ ಕೈತೋರಿಸಿ 'ಇಲ್ಲಿ ನೋಡಿ, ಇದು ಇದರ ಜೊತೆ ಸೇರಿದಾಗ ಹೀಗಾಗುತ್ತೆ' ಎಂದಾಗ ಅಂಧ ವಿದ್ಯಾರ್ಥಿಗೆ ದಕ್ಕುವುದು ಏನೂ ಇಲ್ಲ. 'ಸೋಡಿಯಂ ಕ್ಲೋರಿನ್ ಜೊತೆ ಸೇರಿದಾಗ ಉಪ್ಪಾಗುತ್ತೆ' ಎಂದು ಬರೆಯುವುದನ್ನೇ ಬಾಯಲ್ಲೂ ಹೇಳುವ ಅಭ್ಯಾಸವಿದ್ದರೆ ಪ್ರತ್ಯೇಕ ಧ್ವನಿವಿವರಣೆಯ ಅಗತ್ಯವೇ ಬಹಳಷ್ಟು ಕಡಿಮೆಯಾಗುತ್ತದೆ.

ರಸಪ್ರಶ್ನೆ ಮತ್ತು ಆನ್‌ಲೈನ್ ಪರೀಕ್ಷೆಗಳಲ್ಲಿ ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಆಯ್ಕೆಗಳನ್ನು ತಲುಪಲು ಬರಬೇಕು. ಎಳೆದು ಜೋಡಿಸುವ 'ಹೊಂದಿಸಿ ಬರೆಯಿರಿ' ಮಾದರಿಯ ಪ್ರಶ್ನೆಗಳು ಇಲ್ಲಿ ಹೆಚ್ಚಾಗಿ ಸೋಲುತ್ತವೆ. ಸಮಯದ ಮಿತಿಯನ್ನು ವಿದ್ಯಾರ್ಥಿವಾರು ಹೆಚ್ಚಿಸುವ ಸೌಲಭ್ಯವೂ ವ್ಯವಸ್ಥೆಯಲ್ಲಿರಬೇಕು, ಏಕೆಂದರೆ ಭಾರತ ಸರ್ಕಾರದ 2018ರ ಪರೀಕ್ಷಾ ಮಾರ್ಗಸೂಚಿಯು ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಪರಿಹಾರ ಸಮಯವನ್ನು ಅರ್ಹ ಅಭ್ಯರ್ಥಿಗಳ ಹಕ್ಕಾಗಿಸಿತು.

ಕನ್ನಡ ಸಾಮಗ್ರಿಯ ವಿಶೇಷ ತೊಡಕುಗಳು

ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಪಠ್ಯವು ಪಠ್ಯವೇ ಆಗಿದೆ ಎಂದು ಭಾವಿಸಿಕೊಂಡು ಹೊರಡುತ್ತವೆ. ಕನ್ನಡದಲ್ಲಿ ಆ ಭಾವನೆಯೇ ಎಷ್ಟೋ ಕಡೆ ಸುಳ್ಳಾಗುತ್ತದೆ. ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಸ್ಥಾನ ಪಡೆದಿದ್ದರೂ, ಅದು ಕಂಪ್ಯೂಟರುಗಳಲ್ಲಿ ಬಳಕೆಗೆ ಬರುವಷ್ಟರಲ್ಲಿ ಪುಟವಿನ್ಯಾಸ ಕೇಂದ್ರಗಳು, ಸರ್ಕಾರಿ ಕಚೇರಿಗಳು ಮತ್ತು ಕಾಲೇಜುಗಳು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತವ್ಯವಸ್ಥೆಗೆ ಒಗ್ಗಿಹೋಗಿದ್ದವು. ಆ ವ್ಯವಸ್ಥೆಯಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ರೋಮನ್ ಅಕ್ಷರಗಳ ಸಂಕೇತಗಳು. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ 'ಕನ್ನಡ' ಎಂಬ ಪದದ ಒಳಗೆ ಇರುವುದು ದೊಡ್ಡ ಪಿ ಅಕ್ಷರ, ಮೇಲೆ ಗೆರೆಯಿರುವ ಒಂದು ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಅದೇ ಎ. ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ, ಸ್ಕ್ರೀನ್ ರೀಡರ್‌ಗೆ ಅದು ಅರ್ಥವಿಲ್ಲದ ಅಕ್ಷರಗಳ ಸರಮಾಲೆ. ಅಂಥ ಕಡತದಲ್ಲಿ ಹುಡುಕಲು ಬರುವುದಿಲ್ಲ, ಅದನ್ನು ಬ್ರೈಲಿಗೆ ತಿರುಗಿಸಲು ಬರುವುದಿಲ್ಲ, ಯಂತ್ರಾನುವಾದಕ್ಕೂ ಅದು ಸಿಗುವುದಿಲ್ಲ.

ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಲಭ್ಯವಿವೆ. ಆದರೆ ಕೆಲಸ ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವುದಲ್ಲ. 'ಧರ್ಮ' ಎಂಬಲ್ಲಿ ರಕಾರವು ಉಚ್ಚಾರಣೆಯಲ್ಲಿ ಮಕಾರಕ್ಕಿಂತ ಮೊದಲು ಬಂದರೂ ಬರಹದಲ್ಲಿ ಅರ್ಕಾವೊತ್ತಾಗಿ ಅನಂತರ ಕೂರುತ್ತದೆ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ಪರಿವರ್ತಕವು ಅಕ್ಷರಗಳನ್ನು ಹಿಂದುಮುಂದು ಮಾಡಿ ಜೋಡಿಸಬೇಕು. ನಡುವೆ ಇಂಗ್ಲಿಷ್ ಪದವೋ ಸೂತ್ರವೋ ಇದ್ದರೆ ಅದೂ ಕನ್ನಡವಾಗಿ ಕಲಸಿಹೋಗುವ ಸಂಭವವಿರುವುದರಿಂದ ಫಲಿತಾಂಶವನ್ನು ಓದಿ ತಿದ್ದಲೇಬೇಕು.

ಯೂನಿಕೋಡಿನಲ್ಲೇ ಬರೆದ ಪಠ್ಯವೂ ಪೂರ್ತಿ ದೋಷಮುಕ್ತವಲ್ಲ. ಅನುಸ್ವಾರದ ಬದಲು ಅದೇ ಆಕಾರದ ಕನ್ನಡ ಸೊನ್ನೆಯನ್ನು ಒತ್ತಿ 'ಸ೦ಖ್ಯೆ' ಎಂದು ಬರೆಯುವ ರೂಢಿ ಇದಕ್ಕೆ ಉದಾಹರಣೆ. ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕೇಳುವವರಿಗೆ ಪದದ ನಡುವೆ ಅಂಕಿಯೊಂದು ನುಗ್ಗಿ ಪದವೇ ತುಂಡಾಗುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಬೆರೆತ ಪುಟಗಳಲ್ಲಿ ಯಾವ ಭಾಗ ಯಾವ ಭಾಷೆಯದು ಎಂದು ಗುರುತು ಹಾಕದಿದ್ದರೆ ಒಂದು ಭಾಷೆಯ ಧ್ವನಿ ಇನ್ನೊಂದನ್ನು ತಪ್ಪಾಗಿ ಉಚ್ಚರಿಸುತ್ತದೆ.

ಮಂದದೃಷ್ಟಿಯವರ ತೊಡಕು ಲಿಪಿಯ ಆಕಾರದಲ್ಲೇ ಇದೆ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ'ದಂಥ ಪದದಲ್ಲಿ ಒತ್ತಿನ ಬಳಿ ಇನ್ನೊಂದು ಒತ್ತು ಸೇರುತ್ತದೆ. ಮೂಲಾಕ್ಷರ ಓದಲು ಬರುವಷ್ಟು ಹಿಗ್ಗಿಸಿದರೂ ಒತ್ತು ಓದಲು ಬರದಿರಬಹುದು, ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಹೀಗಾಗಿ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ನಿಗದಿಪಡಿಸಿದ ಗಾತ್ರ ಮತ್ತು ಸಾಲಿನ ಅಂತರಗಳಿಗಿಂತ ಹೆಚ್ಚಿನ ಅಳತೆ ಕನ್ನಡಕ್ಕೆ ಬೇಕು.

ಸ್ಕ್ಯಾನ್ ಮಾಡಿದ ಪುಟಗಳಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್ ತಂತ್ರಜ್ಞಾನವು ಕನ್ನಡಕ್ಕೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ಲಿಪಿಜ್ಞಾನಿ ಎಂಬ ತಂತ್ರಾಂಶವು ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತ ಪಠ್ಯಗಳನ್ನೂ ಗುರುತಿಸುತ್ತದೆ. ಮುಕ್ತ ಆಕರದ ಟೆಸರಾಕ್ಟ್ ಕೂಡ ಕನ್ನಡ ಬಲ್ಲದು. ಪ, ವ, ಷ ಅಕ್ಷರಗಳ ಹೋಲಿಕೆ ಮತ್ತು 'ಮ', 'ವು'ಗಳ ಹೋಲಿಕೆಯಿಂದಾಗುವ ತಪ್ಪುಗಳು ಸವೆದ ಅಚ್ಚಿನಲ್ಲಿ ಹೆಚ್ಚು. ಕೈಬರಹದ ಟಿಪ್ಪಣಿಯ ಫೋಟೊದಿಂದ ನಂಬಲರ್ಹ ಪಠ್ಯ ಪಡೆಯುವುದು ಇದಕ್ಕಿಂತ ಕಷ್ಟವಾಗಿದ್ದು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಕೆಯಾಗುವ ಕಾಲೇಜು ಸಾಮಗ್ರಿಯ ದೊಡ್ಡ ಪಾಲು ಇಂಥ ಫೋಟೊಗಳೇ ಆಗಿರುವುದು ಗಂಭೀರ ಸಂಗತಿ.

ಯೂನಿಕೋಡಿನ ಕನ್ನಡ ಸರಿಯಾಗಿದ್ದರೆ ಬ್ರೈಲಿನ ದಾರಿ ತೀರ ಹತ್ತಿರ. ಭಾರತಿ ಬ್ರೈಲಿನಲ್ಲಿ ಕನ್ನಡದ 'ಕ', ಹಿಂದಿಯ 'ಕ', ಇಂಗ್ಲಿಷಿನ ಕೆ ಮೂರಕ್ಕೂ ಒಂದೇ ಚುಕ್ಕಿಗಳು, ಹಾಗಾಗಿ ಲಿಬ್‌ಲೂಯಿಯಂಥ ಮುಕ್ತ ತಂತ್ರಾಂಶವು ಪಠ್ಯವನ್ನು ಕ್ಷಣದಲ್ಲಿ ಪರಿವರ್ತಿಸಬಲ್ಲದು.

ಕಡತದ ಪ್ರಕಾರಗಳು

ಬಳಕೆಯಲ್ಲಿರುವ ಕಡತಗಳಲ್ಲಿ ಅತಿ ಸಾಮಾನ್ಯವಾದದ್ದು ಪಿಡಿಎಫ್. ಇದರಲ್ಲಿ ಮೂರು ಬಗೆಗಳಿವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟಗಳ ಫೋಟೊ ಮಾತ್ರವಾಗಿದ್ದು, ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಪುಟ. ಪಠ್ಯವಿದ್ದೂ ರಚನೆಯ ಗುರುತುಗಳಿಲ್ಲದ ಪಿಡಿಎಫ್‌ನಲ್ಲಿ ಎರಡು ಅಂಕಣಗಳ ಪುಟವನ್ನು ಅಡ್ಡಡ್ಡಲಾಗಿ ಓದುವಂಥ ಗೊಂದಲಗಳಾಗುತ್ತವೆ. ಶೀರ್ಷಿಕೆ, ಪಟ್ಟಿ, ಕೋಷ್ಟಕ, ಓದಿನ ಕ್ರಮಗಳಿಗೆ ಟ್ಯಾಗ್ ಹಾಕಿದ ಪಿಡಿಎಫ್ ಮಾತ್ರ ಸುಗಮ್ಯ. ವರ್ಡ್ ಕಡತ ಮತ್ತು ಜಾಲಪುಟಗಳನ್ನು ಸುಗಮ್ಯವಾಗಿಸುವುದು ಇದಕ್ಕಿಂತ ಸುಲಭ. ಅಕ್ಷರದ ಗಾತ್ರ ಹಿಗ್ಗಿಸಿದಂತೆ ಸಾಲುಗಳು ತಾವಾಗಿ ಮರುಹೊಂದಿಕೊಳ್ಳುವ ಇಪಬ್ 3 ಮಾದರಿಯು ಪುಸ್ತಕಗಳಿಗೆ ಹೆಚ್ಚು ಒಪ್ಪುತ್ತದೆ. ಡೈಸಿಯ ಅನೇಕ ಗುಣಗಳು ಅದರಲ್ಲಿ ವಿಲೀನವಾಗಿವೆ.

ಕಾನೂನು

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು 2006ರಲ್ಲಿ ಅಂಗೀಕಾರವಾಗಿ, ಭಾರತವು 2007ರಲ್ಲಿ ಅದನ್ನು ಸ್ಥಿರೀಕರಿಸಿತು. ಅದರ ಹೊಣೆಯನ್ನು ನೆರವೇರಿಸಲು ಬಂದ ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮೀಸಲಿರಿಸಿ, 42ನೆಯ ಪ್ರಕರಣದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಗಮ್ಯತೆಯನ್ನು ಸರ್ಕಾರದ ಕರ್ತವ್ಯವಾಗಿಸಿತು. ಜಾಲತಾಣಗಳಲ್ಲಿ ಹಾಕುವ ದಾಖಲೆಗಳು ಇಪಬ್ ಅಥವಾ ಓಸಿಆರ್ ಆಧಾರಿತ ಪಿಡಿಎಫ್ ರೂಪದಲ್ಲಿರಬೇಕೆಂದು 2017ರ ನಿಯಮಗಳು ಹೇಳಿದವು.

ಗ್ರಂಥಸ್ವಾಮ್ಯದ ತಡೆಯು 2012ರಲ್ಲೇ ಸರಿದಿತ್ತು. ಆ ವರ್ಷದ ತಿದ್ದುಪಡಿಯಿಂದ ಗ್ರಂಥಸ್ವಾಮ್ಯ ಅಧಿನಿಯಮಕ್ಕೆ ಸೇರಿದ 52(1)(ಝಡ್‌ಬಿ) ಉಪಪ್ರಕರಣದ ಪ್ರಕಾರ ವಿಕಲಚೇತನರ ಬಳಕೆಗಾಗಿ ಯಾವುದೇ ಕೃತಿಯನ್ನು ಸುಗಮ್ಯ ರೂಪಕ್ಕೆ ಪರಿವರ್ತಿಸುವುದು, ಲಾಭದ ಉದ್ದೇಶವಿಲ್ಲದಿದ್ದರೆ, ಹಕ್ಕಿನ ಉಲ್ಲಂಘನೆಯಲ್ಲ. ಪುಸ್ತಕಗಳನ್ನು ಗಡಿದಾಟಿ ಹಂಚಿಕೊಳ್ಳಲು ಅವಕಾಶ ಕೊಡುವ 2013ರ ಮರ್‍ರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ, 2014ರಲ್ಲಿ. ಪ್ರಕಾಶಕರ ಅನುಮತಿ ಸಿಕ್ಕಿಲ್ಲವೆಂಬ ಕಾರಣವನ್ನು ಕಾಲೇಜು ಗ್ರಂಥಾಲಯಗಳು ಮುಂದೊಡ್ಡಲು ಹೀಗಾಗಿ ಆಸ್ಪದವಿಲ್ಲ.

ನ್ಯಾಯಾಲಯದ ತೀರ್ಪುಗಳು ಈ ಹಕ್ಕುಗಳನ್ನು ವಿಸ್ತರಿಸಿವೆ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೇ. 40ರ ಮಿತಿಗೆ ಒಳಪಡದ ಅಭ್ಯರ್ಥಿಗೂ ಬರೆದುಕೊಡುವ ಸಹಾಯಕನನ್ನು ಪಡೆಯುವ ಹಕ್ಕಿದೆಯೆಂದಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ, 2017ರ ನಿಯಮಗಳ 15(1)ನೆಯ ನಿಯಮವು ಸುಗಮ್ಯತೆಯನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿ ಮೂಲ ಕಾನೂನಿಗೆ ವಿರುದ್ಧವಾಗಿದೆಯೆಂದು ಅದನ್ನು ಅಸಿಂಧುಗೊಳಿಸಿ, ಕಡ್ಡಾಯವಾದ ಕನಿಷ್ಠ ಮಾನಕಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ನೀಡಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಬ್ಯಾಂಕಿನ ಡಿಜಿಟಲ್ ಗುರುತು ಪರಿಶೀಲನೆಗೆ ಸಂಬಂಧಿಸಿದ್ದಾದರೂ, ಡಿಜಿಟಲ್ ಪ್ರವೇಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದ್ದರಿಂದ ಶಿಕ್ಷಣಕ್ಕೂ ಮುಖ್ಯವಾಗಿದೆ.

ತಯಾರಿಕೆ, ಪರೀಕ್ಷಣೆ ಮತ್ತು ಬಳಕೆ

ಸುಗಮ್ಯ ಸಾಮಗ್ರಿಯ ತಯಾರಿಕೆಯಲ್ಲಿ ವೆಚ್ಚವನ್ನು ನಿರ್ಧರಿಸುವುದು ಕೆಲಸ ನಡೆಯುವ ಹಂತ. ಬೆರಳಚ್ಚು ಮಾಡುವಾಗಲೇ ಶೀರ್ಷಿಕೆಯ ಶೈಲಿ ಹಾಕಲು ಕೆಲವು ಸೆಕೆಂಡುಗಳು ಸಾಕು. ಅದೇ ಟಿಪ್ಪಣಿ ಮುದ್ರಣವಾಗಿ, ಸ್ಕ್ಯಾನ್ ಆಗಿ, ಪಿಡಿಎಫ್ ಆದ ಮೇಲೆ ಮೂಲಸ್ಥಿತಿಗೆ ತರಲು ಗಂಟೆಗಳು ಬೇಕು. ವರ್ಡ್ ಮತ್ತು ಪವರ್‌ಪಾಯಿಂಟ್‌ಗಳಲ್ಲಿ ಸುಗಮ್ಯತಾ ಪರೀಕ್ಷಕ ಅಡಕವಾಗಿದೆ. ಮೂಡಲ್‌ನಂಥ ಕಲಿಕಾ ನಿರ್ವಹಣಾ ವ್ಯವಸ್ಥೆಗಳು ಸುಗಮ್ಯತೆಯ ನಿಯಮಗಳಿಗೆ ಹೊಂದುವಂತೆ ರೂಪುಗೊಂಡಿದ್ದರೂ ಅವುಗಳೊಳಗೆ ಅಧ್ಯಾಪಕರು ಏರಿಸುವ ಕಡತಕ್ಕೆ ಆ ಗುಣ ತಾನಾಗಿ ಬರುವುದಿಲ್ಲ.

ಸ್ವಯಂಚಾಲಿತ ಪರೀಕ್ಷಕಗಳು ಪರ್ಯಾಯ ಪಠ್ಯ ಇದೆಯೇ ಇಲ್ಲವೇ ಎಂದು ಹೇಳುತ್ತವೆ, ಅದು ಅರ್ಥಪೂರ್ಣವೇ ಎಂದು ಹೇಳಲಾರವು. ಹಳೆಯ ಫಾಂಟಿನ ಕನ್ನಡವನ್ನು ಅವು ದೋಷವೆಂದೇ ಗುರುತಿಸದೆ ಬಿಟ್ಟುಬಿಡಬಹುದು. ಕಡತದ ಒಂದು ಸಾಲನ್ನು ನಕಲಿಸಿ ಬೇರೊಂದು ಸಾದಾ ಪಠ್ಯದ ಕಿಟಕಿಯಲ್ಲಿ ಅಂಟಿಸಿ ನೋಡುವುದು ಇದಕ್ಕೆ ಅತಿ ಸರಳ ಪರೀಕ್ಷೆ: ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ರೋಮನ್ ಗುರುತುಗಳಾದರೆ ಹಳೆಯ ಸಂಕೇತ, ಏನೂ ನಕಲಾಗದಿದ್ದರೆ ಫೋಟೊ. ಅಂತಿಮ ಪರೀಕ್ಷೆಯನ್ನು ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಗಳೇ ಮಾಡಬೇಕೆಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಕ್ರಮ.

ಸುಗಮ್ಯ ರೂಪದ ಬಳಕೆ ವಿಕಲಚೇತನರಿಗಷ್ಟೇ ಸೀಮಿತವಾಗಿಲ್ಲ. ಅಡಿಬರಹವು ಬೇರೆ ಭಾಷೆಯ ಮನೆಗಳಿಂದ ಬಂದವರಿಗೆ ಪದ ಹಿಡಿಯಲು ನೆರವಾಗುತ್ತದೆ, ಪಠ್ಯರೂಪದ ಕಡತವು ಫೋಟೊಗಳಿಗಿಂತ ಎಷ್ಟೋ ಪಾಲು ಚಿಕ್ಕದಾಗಿರುವುದರಿಂದ ದುರ್ಬಲ ಸಿಗ್ನಲ್ ಇರುವ ಹಳ್ಳಿಯಲ್ಲೂ ಬೇಗ ಇಳಿಯುತ್ತದೆ.

ಇಂದಿನ ಸ್ಥಿತಿ

ಭಾರತದ ಮುಕ್ತ ಆನ್‌ಲೈನ್ ಶಿಕ್ಷಣದ ಮುಖ್ಯ ವೇದಿಕೆಗಳು 2003ರಲ್ಲಿ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಆರಂಭಿಸಿದ ಎನ್‌ಪಿಟಿಇಎಲ್ ಹಾಗೂ 2017ರ ಜುಲೈ 9ರಂದು ಉದ್ಘಾಟನೆಯಾದ ಸ್ವಯಂ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಲಿಖಿತ ಪ್ರತಿಗಳು ಕನ್ನಡಕ್ಕೂ ಅನುವಾದವಾಗಿವೆ. ಅಂಧರು ಮತ್ತು ಮುದ್ರಿತ ಪಠ್ಯ ಓದಲಾಗದ ಇತರರಿಗಾಗಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಕೆಲಸ ಮಾಡುತ್ತಿದೆ. ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿ, 10,000 ಪದಗಳ ಸಂಜ್ಞಾಕೋಶವನ್ನು ಸಿದ್ಧಪಡಿಸಿದೆ. ಭಾರತೀಯ ಮಾನಕ ಬ್ಯೂರೊದ ಐಎಸ್ 17802 ಎಂಬ ಎರಡು ಭಾಗಗಳ ಸುಗಮ್ಯತಾ ಮಾನಕ 2021 ಮತ್ತು 2022ರಲ್ಲಿ ಹೊರಬಂದಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಉನ್ನತ ಶಿಕ್ಷಣಸಂಸ್ಥೆಗಳಿಗೆಂದೇ ಸುಗಮ್ಯತೆಯ ಮಾರ್ಗಸೂಚಿ ಮತ್ತು ಮಾನಕಗಳನ್ನು ಪ್ರಕಟಿಸಿತು. ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳೂ ಸೇರಿದಂತೆ ರಾಜ್ಯ ಸಂಸ್ಥೆಗಳ ಜಾಲಸಾಮಗ್ರಿಗೆ ಡಬ್ಲ್ಯುಸಿಎಜಿ 2.1ರ ಎಎ ಮಟ್ಟವನ್ನು ಕಡ್ಡಾಯಗೊಳಿಸುವ ನಿಯಮ 2024ರ ಏಪ್ರಿಲಿನಲ್ಲಿ ಪ್ರಕಟವಾಗಿದ್ದು, ಐರೋಪ್ಯ ಒಕ್ಕೂಟದ ಸುಗಮ್ಯತಾ ಕಾನೂನು ಇ-ಪುಸ್ತಕಗಳನ್ನೂ ಒಳಗೊಂಡು 2025ರ ಜೂನ್ 28ರಿಂದ ಅನ್ವಯವಾಗಿದೆ.

ಕರ್ನಾಟಕದಲ್ಲಿ ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯು ಧ್ವನಿಪುಸ್ತಕ ಮತ್ತು ಬ್ರೈಲ್ ಪುಸ್ತಕಗಳ ತಯಾರಿಕೆಯಲ್ಲಿ, ಎನೇಬಲ್ ಇಂಡಿಯಾ ಸಂಸ್ಥೆಯು ಕಂಪ್ಯೂಟರ್ ಮತ್ತು ಉದ್ಯೋಗ ತರಬೇತಿಯಲ್ಲಿ ತೊಡಗಿವೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡದ ಸಹಜ ಧ್ವನಿ ಉಚಿತವಾಗಿ ದೊರೆಯತೊಡಗಿದ ಮೇಲೆ ಕಂಪ್ಯೂಟರ್ ಇಲ್ಲದ ಅಂಧ ವಿದ್ಯಾರ್ಥಿಗಳೂ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಮೂಲಕ ಓದುವಂತಾಗಿದೆ. ಚಿತ್ರಗಳನ್ನು ತಾನಾಗಿ ವಿವರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಅವು ಗ್ರಾಫಿನ ಸಂಖ್ಯೆಗಳನ್ನು ತಪ್ಪಾಗಿ ಆದರೆ ಖಚಿತವಾದ ಧಾಟಿಯಲ್ಲಿ ಹೇಳುವ ಸಂಭವವಿರುವುದರಿಂದ ಮತ್ತು ಕಾಣದವರು ಆ ತಪ್ಪನ್ನು ಮೂಲಕ್ಕೆ ಹೋಲಿಸಿ ಹಿಡಿಯಲಾರದ್ದರಿಂದ, ಅಧ್ಯಾಪಕರು ಬರೆದ ಪರ್ಯಾಯ ಪಠ್ಯಕ್ಕೆ ಅವು ಬದಲಿಯಾಗಿಲ್ಲ. ಕನ್ನಡ ಮಾಧ್ಯಮದ ಪದವಿ ಪಠ್ಯಗಳಲ್ಲಿ ಮಾನವಿಕ ವಿಷಯಗಳ ಸುಗಮ್ಯ ರೂಪಗಳನ್ನು ಸಿದ್ಧಪಡಿಸುವುದು ತಾಂತ್ರಿಕವಾಗಿ ಇಂದು ಕಷ್ಟವಲ್ಲ. ವಿಜ್ಞಾನ ಮತ್ತು ಗಣಿತದ ಸಮೀಕರಣಗಳನ್ನು ಕನ್ನಡದಲ್ಲಿ ಅಸಂದಿಗ್ಧವಾಗಿ ಓದಿ ಹೇಳುವ ವ್ಯವಸ್ಥೆ ಮತ್ತು ಭಾರತೀಯ ಸಂಜ್ಞಾಭಾಷೆಯಲ್ಲಿ ಪದವಿ ಮಟ್ಟದ ಪಾರಿಭಾಷಿಕ ಪದಗಳು, ಈ ಎರಡೂ ಇನ್ನೂ ಬೆಳೆಯಬೇಕಾದ ಕ್ಷೇತ್ರಗಳಾಗಿವೆ.